ಒಂದು ಚೀಲ ಮೆಣಸಿನಕಾಯಿ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಕಂಪ್ಯೂಟರ್ ಅಂಕಣ

ಎರಡು ಸಂಚಿಕೆ ಹಿಂದೆ ಇಲ್ಲಿ ಮೂರು ಸಾಲು ಬರೆದಿದ್ದೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಭಾನುವಾರದ ತರಗತಿಯ ಐದು ಮಕ್ಕಳು ಸೇರಿ ‘ಹ್ಯಾಕ್‌ನೆಟ್’ ಆಟಕ್ಕೆ ತಮ್ಮದೇ ಒಂದು ಕಥೆ ಕಟ್ಟಿ ಮುಗಿಸಿದರು ಅಂತ. ಆ ಮೂರು ಸಾಲಿಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದರದ್ದೇ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹ್ಯಾಕ್‌ನೆಟ್ 2015ರಲ್ಲಿ ಬಂದ ಆಟ. ಆಸ್ಟ್ರೇಲಿಯಾದ ಮ್ಯಾಟ್ ಟ್ರೊಬಿಯಾನಿ ಮಾಡಿದ್ದು. ಇದರಲ್ಲಿ ಕಾರು ಓಡಿಸುವುದಿಲ್ಲ, ಬಂದೂಕು ಹಿಡಿಯುವುದಿಲ್ಲ. ಕಪ್ಪು ಪರದೆ ಮೇಲೆ ಕಮಾಂಡ್ ಟೈಪ್ ಮಾಡುತ್ತಾ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕು, ಅಲ್ಲಿನ ಫೈಲು ಓದಬೇಕು. ಬಿಟ್ ಎಂಬ ಹ್ಯಾಕರ್ ಸತ್ತುಹೋಗಿದ್ದಾನೆ. ಅವನು ಮೊದಲೇ ಬರೆದಿಟ್ಟ ಮೇಲ್ ಆಟಗಾರನಿಗೆ ಬರುತ್ತದೆ. ಅಲ್ಲಿಂದ ಕಥೆ ಶುರು. ಈ ಕಂಪ್ಯೂಟರುಗಳೆಲ್ಲ ಆಟದೊಳಗಿನವು. ಹೊರಗಿನ ಯಾರ ಕಂಪ್ಯೂಟರಿಗೂ ಕೈ ತಾಗುವುದಿಲ್ಲ. ಇಂಥ ಆಟಕ್ಕೆ ಅಭಿಮಾನಿಗಳು ತಮ್ಮದೊಂದನ್ನು ಸೇರಿಸಿದರೆ ಅದಕ್ಕೆ ಮಾಡ್ ಅನ್ನುತ್ತಾರೆ. ಹ್ಯಾಕ್‌ನೆಟ್‌ನಲ್ಲಿ ಅದರ ಹೆಸರು ಎಕ್ಸ್‌ಟೆನ್ಷನ್. ಆಟದ ಮೆನುವಿನಲ್ಲೇ ಅದಕ್ಕೊಂದು ಜಾಗ ಇದೆ.

ಇನ್ನು ಪತ್ರಗಳು.

*

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾನು ಪಿಯುಸಿ ಎರಡನೇ ವರ್ಷ, ಕಾಮರ್ಸ್. ಹ್ಯಾಕ್‌ನೆಟ್ ಎರಡು ಸಲ ಆಡಿ ಮುಗಿಸೇನ್ರಿ. ನಮ್ಮ ಗದಗಿನ ಕಥಿ ಇಟ್ಟು ಒಂದು ಮಾಡ್ ಮಾಡಬೇಕಂತ ಭಾಳ ಆಸೆ ಐತಿ. 30 ಕಂಪ್ಯೂಟರಿನ ನಕ್ಷೆ ಹಾಕೇನಿ. ಆದ್ರ ಕೋಡಿಂಗ್ ಬರಂಗಿಲ್ಲ. ಎಲ್ಲಿಂದ ಶುರು ಮಾಡ್ಲಿ?
(ವಿದ್ಯಾರ್ಥಿ, ಗದಗ)

ಉತ್ತರ: ತಮ್ಮಾ, ಆ 30 ಕಂಪ್ಯೂಟರಿನ ನಕ್ಷೆಯನ್ನು ಮಡಚಿ ಒಂದು ಕಡೆ ಇಡು. ಹರಿಯಬೇಡ, ಮುಂದೆ ಬೇಕಾಗುತ್ತದೆ. ಈಗ ಒಂದೇ ಒಂದು ಕಂಪ್ಯೂಟರ್ ಕಟ್ಟು.

ಕೋಡಿಂಗ್ ಬರದಿದ್ದರೂ ನಡೆಯುತ್ತದೆ. ಆಟ ಇರುವ ಫೋಲ್ಡರಿನಲ್ಲಿ ‘ಎಕ್ಸ್‌ಟೆನ್ಷನ್ಸ್’ ಅಂತ ಒಂದು ಫೋಲ್ಡರ್ ಸಿಗುತ್ತದೆ. ಅದರೊಳಗೆ ‘ಬ್ಲ್ಯಾಂಕ್ ಎಕ್ಸ್‌ಟೆನ್ಷನ್’ ಅಂತ ಒಂದು ಖಾಲಿ ಮಾದರಿ. ಅದನ್ನು ಕಾಪಿ ಮಾಡಿ ನಿನ್ನ ಹೆಸರು ಕೊಡು. ಒಳಗಿರುವುದೆಲ್ಲ ಎಕ್ಸ್‌ಎಂಎಲ್ ಫೈಲು, ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಅಡುಗೆಮನೆಯ ಡಬ್ಬಿಗಳಿಗೆ ಜೀರಿಗೆ, ಸಾಸಿವೆ ಅಂತ ಚೀಟಿ ಅಂಟಿಸಿರುತ್ತೇವಲ್ಲ, ಎಕ್ಸ್‌ಎಂಎಲ್ ಅಂದರೆ ಅಷ್ಟೇ. ಯಾವ ಡಬ್ಬಿಯಲ್ಲಿ ಏನಿದೆ ಅಂತ ಚೀಟಿ ಹೇಳುತ್ತದೆ.

ಒಂದು ಫೈಲಿನಲ್ಲಿ ಇಡೀ ಮಾಡ್‌ನ ಪರಿಚಯ. ಹೆಸರೇನು, ಮೊದಲಿಗೆ ಯಾವ ಕಂಪ್ಯೂಟರ್ ಕಾಣಬೇಕು, ಮೊದಲ ಕೆಲಸ ಯಾವುದು. ‘ನೋಡ್ಸ್’ ಫೋಲ್ಡರಿನಲ್ಲಿ ಒಂದು ಕಂಪ್ಯೂಟರಿಗೆ ಒಂದು ಫೈಲು. ಅದರ ಹೆಸರು, ವಿಳಾಸ, ಪಾಸ್‌ವರ್ಡ್, ಯಾವ ಪೋರ್ಟು (ಒಳಗೆ ಹೋಗುವ ಬಾಗಿಲು ಅಂದುಕೋ), ಒಳಗೆ ಯಾವ ಫೈಲು ಎಲ್ಲ ಅಲ್ಲೇ. ‘ಮಿಷನ್ಸ್’ ಫೋಲ್ಡರಿನಲ್ಲಿ ಒಂದು ಕೆಲಸಕ್ಕೆ ಒಂದು ಫೈಲು. ಮೇಲ್ ಯಾರು ಬರೆದರು, ಏನು ಬರೆದರು, ಏನು ಮಾಡಿದರೆ ಕೆಲಸ ಮುಗಿಯಿತು, ಮುಂದಿನದು ಯಾವುದು. ಮಾದರಿಯನ್ನು ನೋಡಿಕೊಂಡು ಮಾತು ಬದಲಿಸುತ್ತಾ ಹೋದರೆ ಎರಡು ದಿನದಲ್ಲಿ ನಿನ್ನ ಕಂಪ್ಯೂಟರ್ ಪರದೆ ಮೇಲೆ ಬರುತ್ತದೆ.

ಕಷ್ಟ ಇರುವುದು ಅಲ್ಲಿ ಅಲ್ಲ. ಒಳಗೆ ಏನಿಡಬೇಕು ಅನ್ನುವುದೇ ಕಷ್ಟ.

ನಮ್ಮ ಮಕ್ಕಳೂ ದೊಡ್ಡದಾಗೇ ಹೊರಟಿದ್ದರು. ಬ್ಯಾಂಕು, ಪೊಲೀಸರ ಸರ್ವರ್, ಉಪಗ್ರಹ. ಆರು ಭಾನುವಾರ ಕಳೆಯಿತು. ಪೋರ್ಟ್ 22 ತೆರೆ, ಪೋರ್ಟ್ 21 ತೆರೆ, ಒಳಗೆ ಹೋದರೆ ‘ಸೀಕ್ರೆಟ್’ ಎಂಬ ಹೆಸರಿನ ಖಾಲಿ ಫೈಲು. ಆಡಿದವರು ಐದು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಏಳನೇ ಭಾನುವಾರ ಬ್ಯಾಡಗಿ ಕಡೆಯ ಹುಡುಗನೊಬ್ಬ ಜೇಬಿನಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಅವನ ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಮಾರುಕಟ್ಟೆಯಲ್ಲಿ ಮಾಲು ಮಾರಿದ ಮೇಲೆ ದಲಾಲಿ ಅಂಗಡಿಯವರು ರೈತನ ಕೈಗೆ ಕೊಡುವ ಲೆಕ್ಕದ ಚೀಟಿಗೆ ಪಟ್ಟಿ ಅನ್ನುತ್ತಾರೆ. ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು ಹೋಯಿತು, ಕೊನೆಗೆ ಕೈಗೆ ಎಷ್ಟು ಬಂತು. ನಾಲ್ಕು ಮಡಿಕೆ ಬಿದ್ದ ಆ ತೆಳು ಹಾಳೆಗೆ ಮೆಣಸಿನಕಾಯಿ ಘಾಟು ಇನ್ನೂ ಹತ್ತಿಕೊಂಡಿತ್ತು. ‘ಅಕ್ಕಾರ, ಇದನ್ನ ಒಂದು ಫೈಲ್ ಮಾಡೂಣಲ್ರಿ’ ಅಂದ.

ಸಂಜೆಯೊಳಗೆ ಕಥೆ ಸಿಕ್ಕಿತು. ಒಂದು ಕಾಲ್ಪನಿಕ ದಲಾಲಿ ಅಂಗಡಿ, ಅದರದ್ದೊಂದು ಕಂಪ್ಯೂಟರ್, ಒಳಗೆ ಮೂರು ಫೋಲ್ಡರ್. ಮೊದಲನೆಯದರಲ್ಲಿ ಗೇಟಿನ ನೋಂದಣಿ, 14 ಚೀಲ ಒಳಗೆ ಬಂತು ಅಂತ. ಎರಡನೆಯದರಲ್ಲಿ ಪಟ್ಟಿಗಳು. ಆ ರೈತನ ಪಟ್ಟಿಯಲ್ಲಿ 13 ಚೀಲ. ಮೂರನೆಯದರಲ್ಲಿ ಅಂಗಡಿಯ ಗುಮಾಸ್ತ ದಿನಾ ಬರೆದುಕೊಳ್ಳುವ ಟಿಪ್ಪಣಿ. ಆಟಗಾರನಿಗೆ ಬರುವ ಮೇಲ್ ಒಂದೇ ಸಾಲು: ‘ನಮ್ಮ ಅಪ್ಪನ ಒಂದು ಚೀಲ ಎಲ್ಲಿ ಹೋತು, ನೋಡಿ ಹೇಳ್ರಿ.’

ಚೀಲ ಯಾರು ಕದ್ದರು ಅನ್ನುವುದರ ಮೇಲೆ ತರಗತಿಯಲ್ಲಿ ದೊಡ್ಡ ಜಗಳ ಆಯಿತು. ನಾಲ್ವರು ಗುಮಾಸ್ತನೇ ಕಳ್ಳ ಆಗಲಿ ಅಂದರು. ಬ್ಯಾಡಗಿಯ ಹುಡುಗ ಒಪ್ಪಲಿಲ್ಲ. ಅವನೇ ಟಿಪ್ಪಣಿ ಬರೆದ. ಹಾಗೇ ಕೊಡುತ್ತೇನೆ, ಓದು (ಗೌಡ್ರು ಅಂದರೆ ಆ ರೈತ):

‘ಮಧ್ಯಾಹ್ನ ದಪ್ಪ ಮಳಿ. ತಾಡಪತ್ರಿ ಹಾಸೂದ್ರೊಳಗ ಕಡೀ ಚೀಲ ತೊಯ್ತು. ಬಿಚ್ಚಿ ಹಿಂದಿನ ಖೋಲ್ಯಾಗ ಹರವೇನಿ. ಗೌಡ್ರಿಗೆ ಹೇಳಬೇಕು.’

ಮರುದಿನದ ಟಿಪ್ಪಣಿ: ‘ಕಾಯಿ ಬಣ್ಣ ಹೋತು. ಗೌಡ್ರು ಬಂದಿದ್ರು. ಮಗಳ ಫೀ ತುಂಬಬೇಕು, ಲಗೂ ಪಟ್ಟಿ ಮಾಡು ಅಂದ್ರು. ಹೇಳಲಿಕ್ಕೆ ಬಾಯಿ ಬರಲಿಲ್ಲ.’

ಇಷ್ಟೇ. ಆಟಗಾರ ಆ ಪಟ್ಟಿಯ ನಂಬರನ್ನು ಮೇಲ್‌ನಲ್ಲಿ ಮರಳಿ ಬರೆದರೆ ಕೆಲಸ ಮುಗಿಯುತ್ತದೆ. ಸರಿಯಾದ ಪದವನ್ನು ಉತ್ತರವಾಗಿ ಬರೆಸಿಕೊಳ್ಳುವ ಗುರಿ ಈ ಆಟದಲ್ಲಿ ಮೊದಲೇ ಇದೆ, ಹೊಸದಾಗಿ ಏನೂ ಮಾಡಬೇಕಿಲ್ಲ. ಫೈಲ್ ಅಳಿಸುವುದು, ಇಳಿಸಿಕೊಳ್ಳುವುದು, ಒಳಗೆ ಹೊಕ್ಕು ಅಧಿಕಾರ ಪಡೆಯುವುದು ಇವೂ ಗುರಿಯಾಗಬಹುದು. ನನಗೆ ಮಾತ್ರ ಉತ್ತರ ಬರೆಸುವುದೇ ಜಾಸ್ತಿ ಇಷ್ಟ. ಓದದೇ ಮುಂದೆ ಹೋಗಲು ಆಗುವುದಿಲ್ಲ.

ಇನ್ನೊಂದು ಮಾತು. ಈ ಆಟದಲ್ಲಿ ಟ್ರೇಸ್ ಅಂತ ಇದೆ. ಒಳಗೆ ಹೊಕ್ಕವನನ್ನು ಹುಡುಕುತ್ತಾ ಬರುವ ಗಡಿಯಾರ ಅದು. ನಮ್ಮವರು 60 ಸೆಕೆಂಡ್ ಇಟ್ಟಿದ್ದರು. ಒಬ್ಬ ಹುಡುಗಿಯ ಅಕ್ಕನನ್ನು ಕೂರಿಸಿ ಆಡಿಸಿದೆವು. ಅವಳು ಟಿಪ್ಪಣಿ ತೆರೆದಳು, ಗಡಿಯಾರ ನೋಡಿದಳು, ಓದದೇ ಮುಚ್ಚಿದಳು. ಅವತ್ತೇ ಟ್ರೇಸ್ ತೆಗೆದುಹಾಕಿದೆವು. ಜನ ನಿಂತು ಓದಬೇಕಾದ ಜಾಗದಲ್ಲಿ ಗಡಿಯಾರ ಇಡಬೇಡ.

ಈಗ ನಿನ್ನ ಗದಗಿಗೆ ಬರೋಣ. ನೀನು ಕಾಮರ್ಸ್ ಓದುತ್ತಿದ್ದೀಯ, ಕಿರ್ದಿ, ಖಾತೆ ಎಲ್ಲ ಗೊತ್ತು. ನಿಮ್ಮೂರ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ, ಜಾಮೀನು, ಸಹಿ, ಹೆಬ್ಬೆಟ್ಟು ಇವೆಲ್ಲ ನಿಮ್ಮ ಕಡೆ ನೂರು ವರ್ಷಕ್ಕಿಂತ ಹಳೆಯ ಮಾತು. ನೀನೇ ಒಂದು ಕಾಲ್ಪನಿಕ ಊರು, ಕಾಲ್ಪನಿಕ ಸಂಘ ಹುಟ್ಟಿಸು. ಅದರ ಕಂಪ್ಯೂಟರಿನಲ್ಲಿ ಒಬ್ಬ ಸದಸ್ಯನ ಖಾತೆ ಇಡು. ಯಾರೋ ಅವನ ಸಾಲವನ್ನು ಸದ್ದಿಲ್ಲದೆ ತೀರಿಸುತ್ತಾ ಬಂದಿದ್ದಾರೆ ಅಂದುಕೋ. ಯಾರು? ಅದನ್ನು ನೀನು ಬರೆ.

*

ಪ್ರಶ್ನೆ: ಮಾಡ್‌ನ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದೇ? ಪ್ರಯತ್ನಪಟ್ಟೆ, ಅಕ್ಷರ ಬರಲಿಲ್ಲ. ನನ್ನ ತಪ್ಪೋ ಆಟದ ತಪ್ಪೋ ತಿಳಿಯುತ್ತಿಲ್ಲ.
(ಕನ್ನಡ ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಮ್ಮ ತಪ್ಪಲ್ಲ. ಈ ವಿಷಯಕ್ಕೆ ನನಗೂ ತುಂಬ ಬೇಜಾರಾಗಿದೆ, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಹ್ಯಾಕ್‌ನೆಟ್ ಕಟ್ಟಿರುವುದು ಮೈಕ್ರೋಸಾಫ್ಟಿನ ಎಕ್ಸ್‌ಎನ್‌ಎ ಎಂಬ ಹಳೆಯ ಸಲಕರಣೆಯ ಮೇಲೆ. ಅದರಲ್ಲಿ ಅಕ್ಷರಗಳನ್ನು ಮೊದಲೇ ಚಿತ್ರ ಮಾಡಿ ಒಂದು ಹಾಳೆಯಲ್ಲಿ ಜೋಡಿಸಿ ಇಟ್ಟಿರುತ್ತಾರೆ. ಆಟಕ್ಕೆ ಒಂದು ಸಂಕೇತ ಕೊಟ್ಟರೆ ಒಂದು ಚಿತ್ರ ತೆಗೆದು ಇಡುತ್ತದೆ. ಪಕ್ಕಕ್ಕೆ ಇನ್ನೊಂದು. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ ಹಾಗೆ. ಹಾಳೆಯಲ್ಲಿ ಇಲ್ಲದ ಅಕ್ಷರ ಕೇಳಿದರೆ ಅದರ ಹತ್ತಿರ ಕೊಡಲು ಏನೂ ಇಲ್ಲ. ರಷ್ಯನ್, ಚೀನೀ, ಜಪಾನಿ ಭಾಷೆಗಳಲ್ಲಿ ಈ ಆಟ ಬಂದಿದೆ. ಅಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ, ಹಾಗಾಗಿ ನಡೆಯುತ್ತದೆ.

ನಮ್ಮದು ಹಾಗಲ್ಲ. ‘ಹುಬ್ಬಳ್ಳಿ’ ಅಂತ ಬರೆಯಿರಿ. ಕಣ್ಣಿಗೆ ಕಾಣುವುದು 3 ಅಕ್ಷರ. ಕಂಪ್ಯೂಟರಿನೊಳಗೆ 9 ಸಂಕೇತ: ಹ, ಉಕಾರದ ಕೊಂಬು, ಬ, ಅರ್ಧಾಕ್ಷರ ಮಾಡುವ ವಿರಾಮದ ಗುರುತು, ಮತ್ತೆ ಬ, ಳ, ಮತ್ತೆ ವಿರಾಮ, ಮತ್ತೆ ಳ, ಕೊನೆಗೆ ಗುಡಿಸು. ಎರಡನೇ ಬ ಕೆಳಗಿಳಿದು ಒತ್ತಾಗಬೇಕು. ಗುಡಿಸು ಒತ್ತನ್ನು ದಾಟಿ ಮೇಲಿನ ಳಕಾರಕ್ಕೆ ಹತ್ತಿಕೊಳ್ಳಬೇಕು. ‘ಧರ್ಮ’ ಬರೆದರೆ ಇನ್ನೂ ಕಷ್ಟ. ಮೊದಲು ಉಚ್ಚರಿಸುವ ರಕಾರ ಮಕಾರದ ಹಿಂದೆ ಹೋಗಿ ಅರ್ಕಾವತ್ತಾಗಿ ಕೂರಬೇಕು. ಈ ಇಳಿಸುವ, ಹತ್ತಿಸುವ, ಹಿಂದೆ ಕೂರಿಸುವ ಕೆಲಸಕ್ಕೆ ಬೇರೆಯೇ ತಂತ್ರಾಂಶ ಬೇಕು. ಫೋನಿನಲ್ಲಿ, ಬ್ರೌಸರಿನಲ್ಲಿ ಅದು ಸುಮ್ನೆ ಹಿಂದಿನಿಂದ ನಡೆಯುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆಟದಲ್ಲಿ ಅದು ಇಲ್ಲ. ಹಾಳೆಗೆ ಕನ್ನಡದ ಚಿತ್ರ ಸೇರಿಸಿದರೂ ಒತ್ತುಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ ಅಷ್ಟೇ.

ಹಾಗಾದರೆ ಏನು ಮಾಡುವುದು? ನಾವು ಮಾಡಿದ್ದು ಎರಡು.

ಒಂದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು, ವಾಟ್ಸಾಪಿನಲ್ಲಿ ಬರೆಯುವ ಹಾಗೆ. ಮೊದಲು ನನಗೆ ಮನಸ್ಸಿರಲಿಲ್ಲ. ಬರೆಯುತ್ತಾ ಹೋದಂತೆ ಬೇರೆ ಆಯಿತು. ಗುಮಾಸ್ತನ ಟಿಪ್ಪಣಿಯನ್ನು ಮಕ್ಕಳು ಮೊದಲು ಪುಸ್ತಕದ ಕನ್ನಡದಲ್ಲಿ ಬರೆದಿದ್ದರು, ‘ಮಳೆಯಿಂದಾಗಿ ಚೀಲವು ಒದ್ದೆಯಾಗಿರುತ್ತದೆ’ ಅಂತ. ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಅದೇ ಕೈ ‘ಚೀಲ ತೊಯ್ತು’ ಅಂತ ಬರೆಯಿತು. ಫೋನಿನಲ್ಲಿ ಅವರು ಬರೆಯುವುದೇ ಹಾಗೆ ಅಲ್ವಾ. ಗುಮಾಸ್ತನಿಗೆ ಜೀವ ಬಂದಿದ್ದು ಅಲ್ಲಿ.

ಎರಡು, ಚಿತ್ರ. ಎಕ್ಸ್‌ಟೆನ್ಷನ್‌ಗೆ ನಿಮ್ಮದೇ ಥೀಮ್, ಅಂದರೆ ಪರದೆಯ ರೂಪ, ಮಾಡಬಹುದು, ಅದರ ಹಿನ್ನೆಲೆಗೆ ನಿಮ್ಮದೇ ಚಿತ್ರ ಹಾಕಬಹುದು. ಕಥೆಯ ನಡುವೆ ಥೀಮ್ ಬದಲಿಸುವ ಆದೇಶವೂ ಇದೆ. ನಾವು ಒಂದು ಪಟ್ಟಿಯನ್ನು ಕೈಯಲ್ಲಿ ಬರೆದು, ಮಡಚಿ, ಬಿಚ್ಚಿ, ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದೆವು. ಕೊನೆಯ ಉತ್ತರ ಬರೆದ ಕೂಡಲೇ ಪರದೆ ಒಮ್ಮೆ ಮಿಣುಕಿ, ಹಿಂದೆ ಆ ಪಟ್ಟಿ ಬರುತ್ತದೆ. ಅಲ್ಲಿ 13ನ್ನು ಹೊಡೆದು 14 ಅಂತ ನೀಲಿ ಪೆನ್ನಿನಲ್ಲಿ ತಿದ್ದಿದೆ. ಇಡೀ ಮಾಡ್‌ನಲ್ಲಿ ಕನ್ನಡ ಅಕ್ಷರ ಕಾಣುವುದು ಅದೊಂದೇ ಕಡೆ.

ಪೂರ್ತಿ ಕನ್ನಡ ಲಿಪಿಯಲ್ಲೇ ಬೇಕು ಅನ್ನುವುದು ನಿಮ್ಮ ಹಟವಾದರೆ, ಆ ಹಟವನ್ನು ಬಿಡಬೇಡಿ. ಆಗ ಮಾಡ್ ಬದಲು ಪುಟ್ಟದೊಂದು ಸ್ವಂತ ಆಟವನ್ನೇ ಮಾಡಿ. ‘ಗೋಡೋ’ ಎಂಬ ಉಚಿತ ಸಲಕರಣೆ ಇದೆ. 2023ರಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಆ ತಂತ್ರಾಂಶ ಸೇರಿಕೊಂಡಿದೆ, ಒತ್ತು ಇಳಿಯುತ್ತದೆ. ಕನ್ನಡ ಓದಿದವರು, ಅದೂ ಧಾರವಾಡದವರು, ಇಂಥದ್ದೊಂದು ಮಾಡಿದರೆ ಮೊದಲು ಆಡುವವಳು ನಾನೇ.

*

ಪ್ರಶ್ನೆ: ಅಕ್ಕಾ, ನನ್ನ ಮಗ 9ನೇತ್ತಾ. ಶಾಲಿಯಿಂದ ಬಂದವನ ಕಂಪ್ಯೂಟರ್ ಮುಂದ ಕೂಡ್ತಾನ. ಏನ್ ಮಾಡಾಕತ್ತಿ ಅಂದ್ರ ‘ಹ್ಯಾಕಿಂಗ್ ಗೇಮ್ ಮಾಡಾಕತ್ತೀನವ್ವಾ’ ಅಂತಾನ. ಆ ಮಾತು ಕೇಳಿದ್ರ ಎದಿ ಝಲ್ ಅಂತೈತಿ. ಪೊಲೀಸ್ರು ಬರೂವಂಥಾದ್ದೇನ್ರಿ ಇದು?
(ತಾಯಿ, ಹಾವೇರಿ)

ಉತ್ತರ: ಇಲ್ಲ ಅಕ್ಕಾ. ಕಥೆಯಲ್ಲಿ ಕಳ್ಳತನ ಬರೆದರೆ ಬರೆದವನು ಕಳ್ಳ ಆಗುವುದಿಲ್ಲ. ಇದೂ ಹಾಗೇ. ಆಟದಲ್ಲಿ ಬೀಗ ಮುರಿಯುವುದು ಅಂದರೆ ಒಂದು ಕಮಾಂಡ್ ಬರೆದು ಕೆಲವು ಸೆಕೆಂಡ್ ಕಾಯುವುದು, ಅಷ್ಟೇ. ಆ ಕಮಾಂಡನ್ನು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಹೊರಗಡೆ ಬರೆದರೆ ಏನೂ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಮಗನಿಗೂ ಗೊತ್ತಿರಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ, ಒಡೆಯರ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಹೊಕ್ಕುವುದನ್ನು ತಪ್ಪು ಅನ್ನುತ್ತದೆ. ಮೋಸದಿಂದ ಹಾಗೆ ಮಾಡಿದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದಕ್ಕೆ ದೊಡ್ಡ ಬುದ್ಧಿವಂತಿಕೆ ಏನೂ ಬೇಕಿಲ್ಲ ಅಕ್ಕಾ, ಅದೇ ನನ್ನ ಚಿಂತೆ. ಇಪ್ಪತ್ತು ವರ್ಷದ ಹಿಂದೆ ನಾನು ಹುಬ್ಬಳ್ಳಿಯ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದೆ. ಒಬ್ಬ ಹಿರಿಯರು ಮೇಲ್ ನೋಡಿ, ಲಾಗ್‌ಔಟ್ ಮಾಡುವುದನ್ನು ಮರೆತು ಎದ್ದು ಹೋದರು. ಮುಂದೆ ಬಂದು ಕೂತ ಹುಡುಗ ಅವರ ಮೇಲ್ ಓದಿದ. ಮಗಳ ಮದುವೆ ಮಾತುಕತೆ ನಡೆದಿತ್ತು. ಹುಡುಗ ಬೀಗರ ಕಡೆಗೆ ಅವರ ಹೆಸರಲ್ಲಿ ಎರಡು ಸಾಲು ಬರೆದು ಕಳಿಸಿದ. ಆ ಸಂಬಂಧ ಮುರಿಯಿತು. ಹಿರಿಯರು ಮತ್ತೆ ಬಂದು ‘ನಾನು ಬರದಿಲ್ಲವಾ ತಂಗಿ, ನಾನು ಬರದಿಲ್ಲ’ ಅಂತ ನನ್ನ ಮುಂದೆ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಹುಡುಗನಿಗೆ ಒಂದು ಕಮಾಂಡೂ ಗೊತ್ತಿರಲಿಲ್ಲ. ನಮ್ಮ ತರಗತಿಗೆ ಸೇರುವ ಪ್ರತಿ ಮಗುವಿಗೂ ಮೊದಲ ದಿನ ಇದನ್ನು ಹೇಳುತ್ತೇನೆ.

ನೀವು ನೋಡಬೇಕಾದ್ದು ಎರಡು. ಆಟವನ್ನು ದುಡ್ಡು ಕೊಟ್ಟು ಸರಿಯಾದ ಜಾಗದಿಂದ ತಗೊಂಡಿದ್ದಾನಾ? ‘ಫ್ರೀ’ ಅಂತ ಯಾರೋ ಕಳಿಸಿದ ಆಟದ ಜೊತೆ ವೈರಸ್ ಬರಬಹುದು. ಎರಡನೆಯದು, ಮಾಡ್ ಮಾಡಲು ಸಹಾಯ ಮಾಡುತ್ತೇನೆ ಅಂತ ಯಾರಾದರೂ ಪಾಸ್‌ವರ್ಡ್, ಒಟಿಪಿ ಕೇಳುತ್ತಿದ್ದಾರಾ? ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಭಾನುವಾರ ಒಂದು ತಾಸು ಅವನ ಪಕ್ಕ ಕೂತುಕೊಳ್ಳಿ. ‘ನನಗೂ ತೋರಿಸಪಾ’ ಅನ್ನಿ. ಅವನು ಕಟ್ಟಿದ ಕಂಪ್ಯೂಟರಿನಲ್ಲಿ ಯಾರ ಫೈಲು ಇದೆ ಅಂತ ಕೇಳಿ. ಅವನಿಗೆ ಆಡಿ ನೋಡುವವರು ಬೇಕಾಗಿದ್ದಾರೆ, ನಂಬಿ.

*

ಪ್ರಶ್ನೆ: ಮಾಡ್ ನಿಜ ಅನ್ನಿಸಬೇಕು ಅಂತ ನಮ್ಮ ಕಾಲೇಜಿನ ಸರ್ವರ್ ಹೆಸರು, ಒಂದು ಬ್ಯಾಂಕಿನ ಹೆಸರು, ನಿಜವಾದ ಐಪಿ ವಿಳಾಸ ಹಾಕಿದ್ದೇನೆ. ತೊಂದರೆ ಇದೆಯೇ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇದೆ. ಇವತ್ತೇ ತೆಗೆಯಿರಿ. ಐಪಿ ವಿಳಾಸ ಅಂದರೆ ನೆಟ್ ಮೇಲೆ ಒಂದು ಕಂಪ್ಯೂಟರನ್ನು ಗುರುತಿಸುವ ಅಂಕಿ. ಆಟಕ್ಕೆ ಆ ಅಂಕಿ ಬರೀ ಅಕ್ಷರ, ಅದು ಎಲ್ಲಿಗೂ ಹೋಗುವುದಿಲ್ಲ. ಆದರೆ ಆಡಿದವನೊಬ್ಬ ಹೊರಗೆ ಬಂದು ಪ್ರಯತ್ನ ಮಾಡಿದರೆ?

ಇದಕ್ಕೆಂದೇ ಮೀಸಲಿಟ್ಟ ವಿಳಾಸಗಳಿವೆ. 192.0.2, 198.51.100, 203.0.113 ಈ ಮೂರರಿಂದ ಶುರುವಾಗುವ ವಿಳಾಸಗಳು ಪಾಠ, ಪುಸ್ತಕಗಳಲ್ಲಿ ಉದಾಹರಣೆ ಕೊಡಲಿಕ್ಕೆ ಇಟ್ಟಿರುವಂಥವು. ಕೊನೆಯ ಅಂಕಿ 1ರಿಂದ 254ರವರೆಗೆ ನಿಮ್ಮಿಷ್ಟ. ಒಂದು ಮಾಡ್‌ಗೆ ಧಾರಾಳ ಸಾಕು. ಬ್ಯಾಂಕು, ಕಾಲೇಜು, ಮನುಷ್ಯರ ಹೆಸರು ಎಲ್ಲ ಹುಟ್ಟಿಸಿದ್ದೇ ಇರಲಿ. ಫೋನ್ ನಂಬರ್ ಬೇಡವೇ ಬೇಡ.

ನಿಜ ಅನ್ನಿಸುವುದು ಅದರಿಂದ ಅಲ್ಲ. ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ. ನಿಮ್ಮ ಕಥೆಯ ಪಾತ್ರದ ಮೇಲ್‌ನಲ್ಲಿ ‘ಬೋಗಿ ಆ ತುದಿಗೆ ನಿಂತಿತ್ತು, ಅವ್ವನ ಮೊಣಕಾಲು ನೋವು, ನಡೆದು ಮುಟ್ಟುವುದರೊಳಗೆ ಗಾಡಿ ಹೋಯ್ತು’ ಅಂತ ಒಂದು ಸಾಲು ಬರೆಯಿರಿ. ಹುಬ್ಬಳ್ಳಿಯವರು ಓದಿದ ಕೂಡಲೇ ನಂಬುತ್ತಾರೆ.

*

ಪ್ರಶ್ನೆ: ನಾಲ್ಕು ಕಂಪ್ಯೂಟರ್ ಬರೆದು ಮುಗಿಸಿದ್ದೇನೆ. ಎರಡು ಸರಿ ಇವೆ. ಮೂರನೆಯದು ಸೇರಿಸಿದ ಕೂಡಲೇ ಮಾಡ್ ತೆರೆಯುವುದೇ ಇಲ್ಲ. ನಾಲ್ಕನೆಯದು ತೆರೆಯುತ್ತದೆ, ಆದರೆ ಕೆಲಸ ಮುಗಿಸಿದರೂ ಮುಗಿದಂತೆ ಆಗುವುದಿಲ್ಲ.
(ಓದುಗ, ರಾಣೆಬೆನ್ನೂರು)

ಉತ್ತರ: ಫೈಲು ಕಳಿಸಿದ್ದು ಒಳ್ಳೆಯದಾಯಿತು, ತೆರೆದು ನೋಡಿದೆ.

ಮೂರನೆಯದರಲ್ಲಿ ಅಂಗಡಿಯ ಹೆಸರಿನ ನಡುವೆ & ಗುರುತು ಇದೆ. ನಮ್ಮ ಪೇಟೆಯಲ್ಲಿ ‘& ಸನ್ಸ್’, ‘& ಕಂಪನಿ’ ಇಲ್ಲದ ಬೋರ್ಡು ಎಲ್ಲಿದೆ ಹೇಳಿ. ಆದರೆ ಎಕ್ಸ್‌ಎಂಎಲ್‌ಗೆ & ಅಂದರೆ ‘ಮುಂದೆ ಏನೋ ವಿಶೇಷ ಬರುತ್ತದೆ’ ಅಂತ ಅರ್ಥ. ಅದು ಬರದಿದ್ದರೆ ಅಲ್ಲೇ ನಿಂತುಬಿಡುತ್ತದೆ. & ಬರೆದ ಮೇಲೆ ಎ, ಎಂ, ಪಿ ಈ ಮೂರು ಸಣ್ಣ ಇಂಗ್ಲಿಷ್ ಅಕ್ಷರ, ಕೊನೆಗೆ ಒಂದು ಅರ್ಧವಿರಾಮ ಹಾಕಿ. ಪರದೆ ಮೇಲೆ ಬರೀ & ಕಾಣುತ್ತದೆ. < ಗುರುತಿಗೂ ಇದೇ ಕಥೆ, ಅಲ್ಲಿ ಎಲ್, ಟಿ. ಇನ್ನೊಂದು, ತೆರೆದ ಚೀಟಿಯನ್ನು ಮುಚ್ಚದೆ ಬಿಟ್ಟರೂ ಹೀಗೇ ಆಗುತ್ತದೆ. ಎಕ್ಸ್‌ಎಂಎಲ್ ಫೈಲನ್ನು ಬ್ರೌಸರಿನಲ್ಲಿ ತೆರೆದು ನೋಡಿ, ಯಾವ ಸಾಲಿನಲ್ಲಿ ತಪ್ಪು ಅಂತ ಅದೇ ಹೇಳುತ್ತದೆ.

ನಾಲ್ಕನೆಯದು ಕಾಗುಣಿತದ ತಪ್ಪು. ಕಂಪ್ಯೂಟರಿನ ಗುರುತಿನ ಹೆಸರನ್ನು ಅದರ ಫೈಲಿನಲ್ಲಿ ಒಂದು ರೀತಿ, ಮಿಷನ್‌ನಲ್ಲಿ ಇನ್ನೊಂದು ರೀತಿ ಬರೆದಿದ್ದೀರಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೆಲ್ಲ ಇದು ಕಾಡುತ್ತದೆ. ನಮ್ಮ ಐದು ಮಕ್ಕಳು ‘ಮೆಣಸಿನಕಾಯಿ’ ಅನ್ನುವುದನ್ನು ನಾಲ್ಕು ಥರ ಬರೆದಿದ್ದರು. ಕೊನೆಯಲ್ಲಿ ವೈ ಇದೆಯೋ ಇಲ್ಲವೋ, ನಡುವೆ ಎ ಇದೆಯೋ ಇಲ್ಲವೋ. ಎರಡು ಭಾನುವಾರ ಆ ತಪ್ಪು ಹುಡುಕುವುದರಲ್ಲೇ ಹೋಯಿತು. ಆಮೇಲೆ ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಎಲ್ಲ ಗುರುತಿನ ಹೆಸರೂ ಅದರಲ್ಲಿ, ಎಲ್ಲ ಸಣ್ಣ ಅಕ್ಷರದಲ್ಲಿ. ಹಾಳೆ ನೋಡದೆ ಯಾರೂ ಟೈಪ್ ಮಾಡುವಂತಿಲ್ಲ. ನೀವೂ ಒಂದು ಹಾಳೆ ಮಾಡಿಕೊಳ್ಳಿ.

*

ಪ್ರಶ್ನೆ: ಮಾಡ್ ಮಾರಬಹುದಾ? ಹಿನ್ನೆಲೆಗೆ ಸಿನಿಮಾ ಹಾಡು ಹಾಕಬಹುದಾ?
(ಓದುಗ, ಹಾನಗಲ್)

ಉತ್ತರ: ಎರಡೂ ಬೇಡ. ಆಟ ಬೇರೆಯವರದು, ಹಾಡೂ ಬೇರೆಯವರದು. ಮಾಡ್ ಮುಗಿದ ಮೇಲೆ, ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ವರ್ಕ್‌ಶಾಪಿಗೆ ಆಟದೊಳಗಿನಿಂದಲೇ ಕಳಿಸಬಹುದು, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಆಡುತ್ತಾರೆ. ಸದ್ದು ಬೇಕಾದರೆ ನೀವೇ ಹಿಡಿಯಿರಿ. ನಾವು ತಗಡಿನ ಮೇಲೆ ಬೀಳುವ ಮಳೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಓಜಿಜಿ ಎಂಬ ಥರದ ಸದ್ದಿನ ಫೈಲಿಗೆ ಬದಲಿಸಿ ಹಾಕಿದೆವು. ಚೀಲ ತೊಯ್ದ ದಿನದ ಟಿಪ್ಪಣಿ ಓದುವಾಗ ಹಿಂದೆ ಆ ಮಳೆ ಕೇಳುತ್ತಿರುತ್ತದೆ.

*

ಪ್ರಶ್ನೆ: ನನ್ನ ಹತ್ರ ಕಂಪ್ಯೂಟರ್ ಇಲ್ರಿ. ಅಣ್ಣನ ಫೋನ್ ಐತಿ, ಅದೂ ರಾತ್ರಿ ಅರ್ಧ ತಾಸು ಸಿಗತೈತಿ. ನಾನೂ ಮಾಡ್ ಮಾಡಬೇಕು. ಆಗತೈತೇನ್ರಿ?
(ವಿದ್ಯಾರ್ಥಿನಿ, ನವಲಗುಂದ)

ಉತ್ತರ: ಆಗುತ್ತದೆ ತಂಗಿ. ಕಂಪ್ಯೂಟರ್ ಬೇಕಾಗುವುದು ಕೊನೆಗೆ. ನಮ್ಮ ಮಾಡ್‌ನಲ್ಲಿ ಗುಮಾಸ್ತನದ್ದು ಬಿಟ್ಟರೆ ಎಲ್ಲರೂ ನೆನಪಿಟ್ಟುಕೊಂಡಿರುವ ಫೈಲು ಇನ್ನೊಂದಿದೆ. ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಗುಮಾಸ್ತನ ಕೈಯಲ್ಲಿ ಬರೆಸಿದ ಪತ್ರ ಅದು. ಅದನ್ನು ಬರೆದವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ಬಸ್ಸಿನಲ್ಲಿ ಕೂತು ಬರೆದಿದ್ದಳು. ‘ಕೈ ಉರೀತಾವ, ಕೂಸಿನ ಮುಟ್ಟಲಿಕ್ಕೆ ಆಗವಲ್ದು’ ಅಂತ ಒಂದು ಸಾಲಿದೆ ಅದರಲ್ಲಿ. ಟೈಪ್ ಮಾಡಿದ್ದು ಬೇರೆಯವರು.

ನಿಮ್ಮ ನವಲಗುಂದದ ಜಮಖಾನೆ ನೋಡಿದ್ದೀಯಲ್ಲ. ಒಬ್ಬ ನೇಯುವವಳನ್ನು ಮನಸ್ಸಿನಲ್ಲಿ ಹುಟ್ಟಿಸಿಕೋ. ಅವಳ ಮೊಮ್ಮಗಳು ಅಜ್ಜಿಯ ವಿನ್ಯಾಸಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಟ್ಟಿದ್ದಾಳೆ ಅಂದುಕೋ. ಆ ಕಂಪ್ಯೂಟರಿನಲ್ಲಿ ಯಾವ ಯಾವ ಫೋಲ್ಡರ್ ಇರುತ್ತದೆ? ಯಾವುದರ ಹೆಸರು ಏನು? ಯಾವ ಫೈಲನ್ನು ಅವಳು ಯಾರಿಗೂ ಕಾಣದ ಹಾಗೆ ಇಟ್ಟಿದ್ದಾಳೆ, ಅದರ ಪಾಸ್‌ವರ್ಡ್ ಏನು, ಆ ಪಾಸ್‌ವರ್ಡಿನ ಸುಳಿವು ಇನ್ನೊಂದು ಯಾವ ಫೈಲಿನಲ್ಲಿದೆ? ಒಂದು ಪುಟಕ್ಕೆ ಒಂದು ಫೈಲಿನಂತೆ ಬರೆ. ಐದು ಪುಟ ಸಾಕು. ಕನ್ನಡದಲ್ಲೇ ಬರೆ, ನೀವು ಮನೆಯಲ್ಲಿ ಆಡುವ ಹಾಗೆ.

ಬರೆದು ಪತ್ರಿಕೆಯ ವಿಳಾಸಕ್ಕೆ ನನ್ನ ಅಂಕಣದ ಹೆಸರಿಗೆ ಕಳಿಸು. ಭಾನುವಾರ ಮಕ್ಕಳು ಟೈಪ್ ಮಾಡುತ್ತಾರೆ, ಗೋಡೆಯ ಹಾಳೆಯಲ್ಲಿ ನಿನ್ನ ಕಂಪ್ಯೂಟರಿನ ಹೆಸರೂ ಸೇರುತ್ತದೆ. ಆಮೇಲೆ ನಾನು ಕೂತು ಆಡುತ್ತೇನೆ. ಎಲ್ಲಿ ಸಿಕ್ಕಿಹಾಕಿಕೊಂಡೆ, ಪಾಸ್‌ವರ್ಡ್ ಸಿಗಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದು ನಿನಗೆ ಪತ್ರ ಹಾಕುತ್ತೇನೆ.